ತೋರಿಸಿ ಹೇಳಿದ ಮಾತು

ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ಮಾತಾಡುವ ಗೃಹಿಣಿಯರು ಎಷ್ಟು ಮಂದಿ, ಹೇಳಿ? ನಿಮಗೂ ಆ ಪ್ರಸಂಗ ಬಂದೀತು. ಆಗ ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನೆನೆಯಿರಿ. ಬ್ರೂಟಸ್ ಕಾರಣ ಕೊಟ್ಟ, ಜನ ಜೈಕಾರ ಹಾಕಿದರು. ಆಮೇಲೆ ಬಂದ ಆಂಟನಿ ಇರಿತದ ತೂತುಗಳಿದ್ದ ಸೀಸರನ ಮೇಲಂಗಿಯನ್ನೇ ತೋರಿಸಿದ. ಅದೇ ಜನ ಬ್ರೂಟಸನ ಮೇಲೆ ತಿರುಗಿಬಿದ್ದರು. (ಆಂಟನಿಯ ಉದ್ದೇಶ ಒಳ್ಳೆಯದೆಂದು ನಾನು ಹೇಳುತ್ತಿಲ್ಲ!)

ನಾನು ತೋರಿಸಿದ್ದು ರಂಗೋಲಿ ಗೆರೆ. ಮುಂಬಯಿಯ ನಮ್ಮ ಕಟ್ಟಡದ ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು 18 ಇಂಚು. ನಾಲ್ಕನೇ ಮಾಳಿಗೆಯ ಅಜ್ಜಿ ಗಾಲಿಕುರ್ಚಿ ಹಿಡಿದ ಮೇಲೆ ಹೊರಗೆ ಬಂದದ್ದೇ ಇಲ್ಲ. ಲಿಫ್ಟ್ ಇದೆ, ಮೆಟ್ಟಿಲು ಬಿಡಬೇಕಲ್ಲ! ಇಳಿಜಾರು ದಾರಿ ಕೇಳಿದರೆ, “ಪಾರ್ಕಿಂಗ್ ಜಾಗ ಹೋಗುತ್ತದೆ” ಎಂಬ ಉತ್ತರ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ ಬೇಕು ಎಂಬುದು ಲೆಕ್ಕ. ಸಭೆಯ ದಿನ ಬೆಳಿಗ್ಗೆ ಗೋಡೆಯ ಪಕ್ಕದಲ್ಲೇ 18 ಅಡಿ ಗೆರೆ ಎಳೆದೆ. ಒಂದು ಕಾರೂ ಕದಲಬೇಕಿರಲಿಲ್ಲ.

ಸಂಜೆ ನನ್ನ ಹರಕು ಮರಾಠಿಯಲ್ಲಿ ಮೂರೇ ನಿಮಿಷ ಮಾತಾಡಿದೆ. ಅಡುಗೆಮನೆಯಲ್ಲಿ ಗಡಿಯಾರ ನೋಡಿಕೊಂಡು ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡಿದ್ದೆ. ಪಾರ್ಕಿಂಗಿನ ಆಕ್ಷೇಪವನ್ನು ಅವರಿಗಿಂತ ಮೊದಲು ನಾನೇ ಎತ್ತಿ, “ಬನ್ನಿ, ಗೆರೆ ನೋಡೋಣ” ಎಂದು ಎಲ್ಲರನ್ನೂ ಹೊರಗೆ ಕರೆದೊಯ್ದೆ. ಖಜಾಂಚಿಯವರು ಹೆಜ್ಜೆ ಹಾಕಿ ಅಳೆದೂ ನೋಡಿದರು. ಠರಾವು ಪಾಸಾಯಿತು.

ಅಜ್ಜಿ ಈಗ ದಿನಾ ಸಂಜೆ ಗೇಟಿನ ಬಳಿ ತರಕಾರಿಯವನೊಡನೆ ಚೌಕಾಸಿ ಮಾಡುತ್ತಾರೆ.