ಬಿಡುವಾಗಿನ ಬೇನೆ

ಹಬ್ಬದ ದಿನ ಗಸಗಸೆಯ ಪಾಯಸವನ್ನುಂಡು ಮಧ್ಯಾಹ್ನ ಒಂದು ಜೊಂಪು ನಿದ್ದೆ ಮಾಡದವರು ನಮ್ಮಲ್ಲಿ ವಿರಳ. ಆ ಬೀಜವೂ ಅಫೀಮೂ ಒಂದೇ ಕಾಯಿಯ ಮಕ್ಕಳು. ಹಸಿಗಾಯಿಯ ಸಿಪ್ಪೆಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಕಾಯಿಯು ಒಣಗಿದ ಮೇಲೆ ಉದುರುವುದು ಗಸಗಸೆ. ಸಂಸ್ಕೃತ ವೈದ್ಯಗ್ರಂಥಗಳು ಆ ಹಾಲನ್ನು ಅಹಿಫೇನ, ಎಂದರೆ ಹಾವಿನ ನೊರೆ, ಎಂದು ಕರೆದಿವೆ. ಹೆಸರಿಟ್ಟವರು ಅದರ ಗುಣವನ್ನು ಬಲ್ಲವರೇ ಇರಬೇಕು. ಈಗಂತೂ ಅಫೀಮಿನ ಗುಣ ಹೊಲದಿಂದಲೇ ಬರಬೇಕೆಂದಿಲ್ಲ. ಅದೇ ಬಗೆಯ ನೋವಿನ ಗುಳಿಗೆಗಳು ಕಾರಖಾನೆಯಲ್ಲಿಯೇ ತಯಾರಾಗುತ್ತವೆ. ಟ್ರಮಡಾಲ್ ಎಂಬುದು ಅಂಥದೊಂದು.

ನಮ್ಮ ಸವಣೂರು ಎಲೆಯ ಊರು. ಉಂಡ ಮೇಲೆ ವೀಳ್ಯ ದೊರೆಯದಿದ್ದರೆ ಮನೆಮಂದಿಯ ಮೇಲೆ ಸಿಡುಕುವ ಹಿರಿಯರನ್ನು ಕಂಡು ಬೆಳೆದ ನಮಗೆ ಚಟವೆಂದರೇನೆಂಬುದು ಗೊತ್ತೆಂಬ ಭಾವನೆಯಿದೆ. ಮನಸ್ಸು ಗಟ್ಟಿ ಮಾಡಿದರೆ ಯಾವುದನ್ನೂ ಬಿಡಬಹುದೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿ ಸುಲಭವಾಗಿ ಬರುವುದು ಅದರಿಂದಲೇ.

ನಮ್ಮ ಓಣಿಯ ತರುಣನೊಬ್ಬನು ಲಾರಿ ನಡೆಯಿಸುತ್ತಿದ್ದನು. ಸೊಂಟದ ಪೆಟ್ಟಿಗೆಂದು ಹತ್ತು ದಿನದ ಮಟ್ಟಿಗೆ ಬರೆದುಕೊಟ್ಟ ಟ್ರಮಡಾಲನ್ನು ಅವನು ಎರಡು ವರ್ಷ ನುಂಗಿದನು. ೧೯೮೫ರ ಮಾದಕದ್ರವ್ಯಗಳ ಕಾಯಿದೆಯ ಕಟ್ಟಿನೊಳಗೆ ೨೦೧೮ರಲ್ಲಿ ಆ ಗುಳಿಗೆಯೂ ಸೇರಿದೆ. ಆದರೂ ಚೀಟಿಯಿಲ್ಲದೆ ಕೊಡುವ ಅಂಗಡಿಯೊಂದು ಅವನಿಗೆ ದೊರೆಯಿತು. ದಿನಕ್ಕೆ ಎರಡಿದ್ದುದು ಹದಿನೈದಕ್ಕೇರಿತು. ಸಂಗತಿ ತಿಳಿದ ದಿನ ತಂದೆಯು ಮಗನನ್ನು ಹಿಂದಿನ ಕೋಣೆಯಲ್ಲಿ ಕೂಡಿ ಕೀಲಿ ಹಾಕಿದನು.

ಎರಡನೆಯ ರಾತ್ರಿ ನನಗೆ ಕರೆ ಬಂದಿತು. ಬೇಸಗೆಯ ಆ ಸೆಕೆಯಲ್ಲಿಯೂ ಹುಡುಗನ ಮೈಮೇಲೆಲ್ಲ ಮುಳ್ಳು ಎದ್ದಿದ್ದವು. ಕಣ್ಣು ಮೂಗುಗಳಿಂದ ನೀರು ಸುರಿಯುತ್ತಿದ್ದಿತು, ಆಕಳಿಕೆಯ ಮೇಲೆ ಆಕಳಿಕೆ, ವಾಂತಿ, ಭೇದಿ, ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. “ಕಾಕಾ, ಎಲುಬ ಒಳಗಿಂದ ಮುರದಂಗ ಆಗಾಕ್ಹತ್ತೇತ್ರಿ” ಎಂದನು. “ಸೊಕ್ಕು ಇಳೀಲಿ ಬಿಡ್ರಿ” ಎಂದು ತಂದೆಯು ಹೊರಗಿನಿಂದಲೇ ನುಡಿದನು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯ ಹೆಸರೆತ್ತಿದಾಗ ಅವನ ಮೋರೆ ಇನ್ನಷ್ಟು ಕಪ್ಪಿಟ್ಟಿತು. ಹುಚ್ಚರ ಆಸ್ಪತ್ರೆಯೆಂಬ ಹಳೆಯ ಹೆಸರು ಜನರ ನಾಲಗೆಯಿಂದ ಇನ್ನೂ ಪೂರ್ತಿ ಅಳಿದಿಲ್ಲವಷ್ಟೆ. ಕಡೆಗೆ ತಾಯಿಯೇ ಕೀಲಿಯನ್ನು ಕಿತ್ತುಕೊಂಡಳು.

ಅಲ್ಲಿಯ ವೈದ್ಯರ ಮೊದಲನೆಯ ಪ್ರಶ್ನೆ, ಕೊನೆಯ ಗುಳಿಗೆ ಎಷ್ಟು ಹೊತ್ತಿನ ಹಿಂದೆ ಎಂಬುದು. ಬೇಗನೆ ಇಳಿಯುವ ಮದ್ದುಗಳಲ್ಲಿ ಈ ಬೇನೆ ೮ರಿಂದ ೨೪ ಗಂಟೆಗಳೊಳಗೆ ಮೊದಲಾಗಿ, ಎರಡು ಮೂರನೆಯ ದಿನ ಉಲ್ಬಣಿಸಿ, ೪ರಿಂದ ೧೦ ದಿನಗಳಲ್ಲಿ ಇಳಿಯುವುದಂತೆ. ನಾಡಿ, ಕಣ್ಣಪಾಪೆ, ಬೆವರು, ನಡುಕ ಮೊದಲಾದ ೧೧ ಲಕ್ಷಣಗಳಿಗೆ ಅಂಕ ಹಾಕಿ, ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ನಾಲಗೆಯ ಕೆಳಗಿರಿಸಿದರು. ಹಳೆಯ ಮದ್ದು ಮೈಯಲ್ಲಿ ತುಂಬಿರುವಾಗಲೇ ಇದನ್ನು ಕೊಟ್ಟರೆ ಅದನ್ನು ಒಮ್ಮೆಲೆ ತಳ್ಳಿ ಬೇನೆಯನ್ನು ತಾನೇ ತಂದೊಡ್ಡುವುದು. ಬೇನೆ ಬಂದ ಮೇಲೆ ಕೊಟ್ಟರೆ ತಣಿಸುವುದು. ಸಂಜೆಗೆ ಹುಡುಗನು ಗಂಜಿ ಕುಡಿದನು.

“ಒಂದ ಗುಳಿಗಿ ಬಿಡಿಸಿ ಇನ್ನೊಂದ ಹಚ್ಚಿದಂಗಾತಲ್ರೀ ಸಾಹೇಬರ?” ಎಂದು ತಾಯಿ ಕೇಳಿದಳು. ಕೇಳತಕ್ಕ ಪ್ರಶ್ನೆಯೇ. ವೈದ್ಯರ ಉತ್ತರದಲ್ಲಿ ನನ್ನನ್ನು ಬೆದರಿಸಿದ ಭಾಗವೊಂದಿದ್ದಿತು. ಹತ್ತು ದಿನ ಕೀಲಿಯೊಳಗಿದ್ದು ಹೊರಬಿದ್ದವನ ಬೇನೆ ಹೋಗಿರುತ್ತದೆ, ಆಸೆ ಹೋಗಿರುವುದಿಲ್ಲ. ಮೈಗೆ ಮಾತ್ರ ಹಿಂದಿನ ತಾಳಿಕೆ ಉಳಿದಿರುವುದಿಲ್ಲ. ಹಳೆಯ ಲೆಕ್ಕದಲ್ಲಿಯೇ ಮತ್ತೆ ನುಂಗಿದರೆ ಉಸಿರು ನಿಂತೀತು. ಈ ಮಾತ್ರೆಯಾದರೋ ಅಮಲಿನ ಏರಿಳಿತವಿಲ್ಲದೆ ಆಸೆಯನ್ನು ತಡೆದು ನಿಲ್ಲಿಸುವುದು. ಜಾಗತಿಕ ಆರೋಗ್ಯ ಸಂಸ್ಥೆಯು ೨೦೦೫ರಲ್ಲಿ ಇದನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಕ್ಕರೆಬೇನೆಯವನು ದಿನವೂ ಮದ್ದು ತಕ್ಕೊಂಡರೆ ಚಟವೆನ್ನದ ನಾವು ಇಲ್ಲಿ ಮಾತ್ರ ಹುಬ್ಬು ಗಂಟಿಕ್ಕುತ್ತೇವೆ. ಇಂಥ ಸಂಕಟ ಮನೆಯಲ್ಲಿದ್ದವರು ಕೀಲಿಯನ್ನು ಹುಡುಕುವ ಮೊದಲು ೧೪೪೪೬ ಎಂಬ ಸರಕಾರದ ಸಹಾಯವಾಣಿಗೆ ಕರೆ ಮಾಡಿಯಾರು ಎಂದು ಆಶಿಸುತ್ತೇನೆ.

ಇದು ಎರಡನೆಯ ವರ್ಷ. ತಂದೆಯೇ ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಬರುತ್ತಾನೆ. ಲಾರಿಯ ಧಣಿ ಮಾತ್ರ, ಮಾತ್ರೆ ಪೂರಾ ನಿಂತ ಮೇಲೆ ಕೆಲಸಕ್ಕೆ ಬಾ ಎಂದಿದ್ದಾನೆ. ಅವಸರ ಬೇಡವೆಂದು ವೈದ್ಯರು ಹೇಳಿದ್ದಾರೆ. ಹುಡುಗನು ಸದ್ಯ ಎಲೆಯ ತೋಟಕ್ಕೆ ನೀರು ಕಟ್ಟುತ್ತಿದ್ದಾನೆ.