ಪಾತ್ರೆ ತೊಳೆಯುವ ಯಂತ್ರವೂ ಗೃಹಸ್ಥನ ಅಪ್ರಮಾದವೂ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅದರ ಹಿಂದಿರುವ ಪ್ರಮಾದವನ್ನು ಮೊದಲು ಹೆಸರಿಸಿದರು. ಕೈಯಲ್ಲಿ ಆಯುಧವಿಲ್ಲದವನೂ ಎಚ್ಚರ ತಪ್ಪಿದಾಗ ಹಿಂಸೆಗೆ ಭಾಗಿಯಾಗುತ್ತಾನೆ ಎಂಬ ಈ ವಿಚಾರವು ಶ್ರಾವಕರ ಮನೆಗಳಲ್ಲಿ ಹೆಚ್ಚಾಗಿ ಆಚರಣೆಗೆ ಬಂದುದು ಅಡುಗೆಮನೆಯಲ್ಲಿ. ನೀರನ್ನು ಸೋಸಿ ಬಳಸುವುದು, ಸೌದೆಯನ್ನು ಕೊಡವಿ ಒಲೆಗಿಡುವುದು, ಕಾಳನ್ನು ಹಸನು ಮಾಡಿ ಬೇಯಿಸುವುದು, ಎಂಜಲನ್ನು ಹೊತ್ತು ಕಳೆಯುವವರೆಗೆ ಬಿಡದಿರುವುದು, ಇವೆಲ್ಲ ಅಜ್ಜಿಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದ ಯತ್ನಾಚಾರದ ಪಾಠಗಳು. ಅವುಗಳಿಗೆಲ್ಲ ಆಧಾರವಾಗಿದ್ದುದು ಕಣ್ಣು. ಕಣ್ಣಿಗೆ ಕಂಡದ್ದನ್ನು ಕೈ ಕಾಪಾಡುತ್ತಿತ್ತು.

ಈಗ ಅದೇ ಅಡುಗೆಮನೆಗೆ ಡಿಶ್‌ವಾಷರ್ ಎಂಬ ಪಾತ್ರೆ ತೊಳೆಯುವ ಯಂತ್ರ ಬಂದಿದೆ. ಅದರ ಕೆಲಸವೆಲ್ಲ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ. ಕಣ್ಣು ತಲುಪದ ಕಡೆ ಎಚ್ಚರವನ್ನು ಉಳಿಸಿಕೊಳ್ಳುವುದು ಹೇಗೆಂಬುದು ಈ ಯಂತ್ರ ಪ್ರತಿಯೊಬ್ಬ ಗೃಹಸ್ಥನ ಮುಂದಿಡುವ ಪ್ರಶ್ನೆ.

ಯಂತ್ರದ ಹುಟ್ಟಿನ ಕಥೆಯೂ ಎಚ್ಚರದ ಮಾತನ್ನೇ ಹೇಳುತ್ತದೆ. ಅಮೆರಿಕದ ಇಲಿನಾಯ್ ಪ್ರಾಂತ್ಯದ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆ ತಮ್ಮ ಮನೆಯ ಪಿಂಗಾಣಿ ಪಾತ್ರೆಗಳು ತೊಳೆಯುವಾಗ ಅಂಚು ಮುರಿಯುತ್ತಿದ್ದುದನ್ನು ಕಂಡು, ನೀರಿನ ರಭಸದಿಂದಲೇ ಪಾತ್ರೆ ತೊಳೆಯುವ ಯಂತ್ರವೊಂದನ್ನು ಯೋಜಿಸಿ 1886ರಲ್ಲಿ ಅದರ ಹಕ್ಕುಪತ್ರ ಪಡೆದರು. 1893ರ ಷಿಕಾಗೋ ವಿಶ್ವಮೇಳದಲ್ಲಿ ಆ ಯಂತ್ರ ಪ್ರದರ್ಶಿತವಾಯಿತು. ಅದೇ ಮೇಳದ ಅಂಗವಾಗಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಶ್ರೀ ವೀರಚಂದ ರಾಘವಜೀ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದರು. ಪಾಶ್ಚಾತ್ಯ ಜಗತ್ತಿಗೆ ಅಹಿಂಸೆಯ ವಿಚಾರವನ್ನು ತಿಳಿಸಿದ ಸಭೆಯೂ, ಇಂದು ಶ್ರಾವಕರ ಮನೆ ಸೇರಿರುವ ಈ ಯಂತ್ರವೂ ಒಂದೇ ಊರಿನ ಒಂದೇ ಮೇಳದಲ್ಲಿ ಜನರ ಕಣ್ಣಿಗೆ ಬಿದ್ದವು. ಎರಡೂ ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳಲು ಬೇರೆ ಒಂದು ಶತಮಾನವೇ ಬೇಕಾಯಿತು.

ನಮ್ಮ ನಾಡಿನಲ್ಲಿ ಈ ಯಂತ್ರ ಬಹಳ ಕಾಲ ಅಪರೂಪದ ವಸ್ತುವಾಗಿತ್ತು. 2020ರಲ್ಲಿ ಕೊರೋನಾ ವ್ಯಾಧಿಯ ಕಾರಣ ಮನೆಗೆಲಸದವರು ಬರಲಾಗದೆ ಹೋದಾಗ ಅನೇಕ ನಗರವಾಸಿಗಳು ಇದನ್ನು ಕೊಂಡರು. ಬೆಂಗಳೂರಿನ ಒಂದು ಶ್ರಾವಕ ಕುಟುಂಬವೂ ಹಾಗೆಯೇ ಕೊಂಡಿತು. ಮನೆಯಲ್ಲಿ ವೃದ್ಧ ಅತ್ತೆ, ಮಗ, ಉದ್ಯೋಗಕ್ಕೆ ಹೋಗುವ ಸೊಸೆ, ಎರಡು ವರ್ಷದ ಮೊಮ್ಮಗು. ಯಂತ್ರ ಬಂದ ದಿನ ಅತ್ತೆಯವರು ಅದನ್ನು ಬೇಡವೆನ್ನಲಿಲ್ಲ. ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿದರು. ಇದು ಎಷ್ಟು ನೀರು ಕುಡಿಯುತ್ತದೆ? ಎಂಜಲು ಪಾತ್ರೆ ಇದರೊಳಗೆ ಎಷ್ಟು ಹೊತ್ತು ಕೂತಿರಬೇಕು? ಹನ್ನೆರಡು ವರ್ಷದಿಂದ ಪಾತ್ರೆ ತೊಳೆಯುತ್ತಿರುವ ಹೆಂಗಸಿನ ಗತಿ ಏನು? ಯಾವ ತಯಾರಕರ ಕೈಪಿಡಿಯಲ್ಲಿಯೂ ಈ ಮೂರೂ ಪ್ರಶ್ನೆಗಳಿಗೆ ಒಟ್ಟಾಗಿ ಉತ್ತರ ದೊರೆಯದು.

ಮೊದಲನೆಯದು ನೀರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಶತಮಾನದ ಆರಂಭದ ವರ್ಷಗಳಲ್ಲಿ ಯೂರೋಪಿನ ಹಲವು ದೇಶಗಳ ನೂರಕ್ಕೂ ಹೆಚ್ಚು ಜನರಿಂದ ಹನ್ನೆರಡು ಮಂದಿಯ ಊಟದ ಪಾತ್ರೆಗಳನ್ನು ಕೈಯಿಂದ ತೊಳೆಯಿಸಿ ನೋಡಿದರು. ಸರಾಸರಿ 103 ಲೀಟರ್ ನೀರು ಖರ್ಚಾಯಿತು. ಇಂದಿನ ಯಂತ್ರಗಳು ಅಷ್ಟೇ ಪಾತ್ರೆಗಳಿಗೆ ಸುಮಾರು 10ರಿಂದ 15 ಲೀಟರ್ ಬಳಸುತ್ತವೆ. ಆದರೆ ಈ ಲೆಕ್ಕವನ್ನು ವಿವೇಕದಿಂದ ಓದಬೇಕು. ನಲ್ಲಿಯನ್ನು ಬಿಟ್ಟುಕೊಂಡು ತೊಳೆಯುವವರಿಗೆ ಯಂತ್ರದಿಂದ ಉಳಿತಾಯವುಂಟು. ಬಕೀಟಿನಲ್ಲಿ ಅಳೆದು ನೀರು ತುಂಬಿಟ್ಟುಕೊಂಡು ತೊಳೆಯುವ ನಮ್ಮ ಹಳ್ಳಿಯ ಗೃಹಿಣಿಗೆ ಅಷ್ಟು ಉಳಿತಾಯವಿಲ್ಲ. ಪ್ರತಿಯೊಂದು ತಟ್ಟೆಯನ್ನೂ ಮೊದಲು ನಲ್ಲಿಯ ಕೆಳಗೆ ತೊಳೆದು ಆಮೇಲೆ ಯಂತ್ರಕ್ಕಿಡುವವರಿಗಂತೂ ಎರಡು ಪಟ್ಟು ವೆಚ್ಚ. ಅಗತ್ಯವಿಲ್ಲದೆ ನೀರು ಚೆಲ್ಲುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗಾಗಿ ಕಾದುದನ್ನು ಕಂಡವರಿಗೆ ಆ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ತಟ್ಟೆಯಲ್ಲಿ ಉಳಿದುದನ್ನು ಕೈಯಿಂದಲೋ ಮರದ ಚಮಚದಿಂದಲೋ ಬಳಿದು ತೆಗೆದು, ತೊಳೆಯದೆಯೇ ಯಂತ್ರಕ್ಕಿಡುವುದು ಸರಿಯಾದ ಕ್ರಮ. ನೀರು ಒಳಬರುವ ಕೊಳವೆಯ ತುದಿಯಲ್ಲಿರುವ ಜಾಲರಿಯು ಮರಳನ್ನು ತಡೆಯುವುದಕ್ಕೆ ಇರುವುದೇ ಹೊರತು ಸೋಸುಬಟ್ಟೆಯ ಕೆಲಸ ಮಾಡುವುದಕ್ಕಲ್ಲ. ಸೋಸುವ ನಿಯಮವುಳ್ಳವರು ಮನೆಯ ನೀರಿನ ತೊಟ್ಟಿಯ ಹಂತದಲ್ಲಿಯೇ ಆ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಯಂತ್ರವು ತುಂಬಿದ ಮೇಲೆ ನಡೆಸಿದರೆ ನೀರೂ ವಿದ್ಯುತ್ತೂ ಉಳಿಯುತ್ತವೆ. ಆದರೆ ಚಿಕ್ಕ ಕುಟುಂಬದಲ್ಲಿ ಅದು ತುಂಬಲು ಒಂದೂವರೆ ದಿನ ಬೇಕು. ಅಷ್ಟು ಹೊತ್ತು ಒದ್ದೆ ಎಂಜಲು ಕತ್ತಲೆಯಲ್ಲಿ ಮುಚ್ಚಿಟ್ಟಂತಿದ್ದರೆ ಸಮ್ಮೂರ್ಛನ ಜೀವಗಳ ಉತ್ಪತ್ತಿಗೆ ಅದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕೆ? ಒಂದು ಕಡೆ ಜಲಕಾಯದ ರಕ್ಷಣೆ, ಇನ್ನೊಂದು ಕಡೆ ಹುಟ್ಟಿ ಸಾಯಬೇಕಾದ ಜೀವಗಳ ವಿಚಾರ. ಆ ಮನೆಯವರು ಕಂಡುಕೊಂಡ ಮಾರ್ಗ ಸರಳವಾಗಿತ್ತು. ಬೆಳಗಿನ ಮತ್ತು ಮಧ್ಯಾಹ್ನದ ಪಾತ್ರೆಗಳನ್ನು ಚೆನ್ನಾಗಿ ಬಳಿದು ಒಳಗಿಟ್ಟು, ಯಂತ್ರದಲ್ಲಿರುವ ಕಿರು ಜಾಲಾಟದ ಕ್ರಮವನ್ನು ಕೂಡಲೇ ನಡೆಸುವುದು. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಮನೆಯಾದುದರಿಂದ ಸಂಜೆಯೇ ಪೂರ್ಣ ತೊಳೆತ ಮುಗಿಸುವುದು. ಇದರಿಂದ ಇನ್ನೊಂದು ಲಾಭವೂ ಒದಗಿತು. ಬಿಸಿನೀರು ಮತ್ತು ವಿದ್ಯುತ್ತು ಒಟ್ಟಿಗೆ ಕೆಲಸ ಮಾಡುವ ಯಂತ್ರವನ್ನು ಎಲ್ಲರೂ ಮಲಗಿರುವಾಗ ಅಥವಾ ಮನೆಗೆ ಬೀಗ ಹಾಕಿರುವಾಗ ನಡೆಸಬಾರದು. ಕೊಳವೆ ಕಳಚಿದರೂ ತಂತಿ ಬಿಸಿಯಾದರೂ ನೋಡುವವರಿರುವುದಿಲ್ಲ. ಸಂಜೆಯೂಟದ ಹಳೆಯ ನಿಯಮ ಈ ಹೊಸ ಯಂತ್ರಕ್ಕೂ ಕಾವಲಾಯಿತು.

ಯಂತ್ರ ತಾನೇ ಶುದ್ಧವಾಗಿರುತ್ತದೆ ಎಂದು ನಂಬುವುದು ದೊಡ್ಡ ತಪ್ಪು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಲೊವೇನಿಯಾ ದೇಶದ ವಿಜ್ಞಾನಿಗಳು 18 ದೇಶಗಳ 189 ಮನೆಯ ಯಂತ್ರಗಳನ್ನು ಪರೀಕ್ಷಿಸಿದರು. ಶೇಕಡಾ 62 ಯಂತ್ರಗಳ ಬಾಗಿಲಿನ ರಬ್ಬರು ಪಟ್ಟಿಯಲ್ಲಿ ಬೂಷ್ಟುಗಳು ನೆಲಸಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಬಿಸಿಯನ್ನೂ ಕ್ಷಾರವನ್ನೂ ತಾಳಿಕೊಳ್ಳುವ ಕಪ್ಪು ಬಗೆಯ ಬೂಷ್ಟು ಕಂಡುಬಂದಿತು. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ಭಯವಿಲ್ಲವಾದರೂ ರೋಗನಿರೋಧಕ ಶಕ್ತಿ ಕುಂದಿದವರ ವಿಷಯದಲ್ಲಿ ಎಚ್ಚರ ಬೇಕು. ಶ್ರಾವಕನಿಗೆ ಇಲ್ಲಿ ಮತ್ತೊಂದು ವಿಚಾರವೂ ಇದೆ. ಬೆಳೆಯಗೊಟ್ಟು ಆಮೇಲೆ ಔಷಧಿ ಹಾಕಿ ಕೊಲ್ಲುವುದಕ್ಕಿಂತ, ಬೆಳೆಯಲು ಎಡೆಗೊಡದಂತೆ ಒಣಗಿಸಿಡುವುದೇ ಅಹಿಂಸೆಯ ದಾರಿ. ತೊಳೆತ ಮುಗಿದು ಹಬೆ ಇಳಿದ ಮೇಲೆ ರಬ್ಬರು ಪಟ್ಟಿಯ ಮಡಿಕೆಗಳನ್ನು ಒಣಬಟ್ಟೆಯಿಂದ ಒರಸಿ, ಮನೆಯಲ್ಲಿ ಮಗುವಿಲ್ಲದ ಹೊತ್ತಿನಲ್ಲಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟರೆ ಒಳಗೆ ಗಾಳಿಯಾಡುತ್ತದೆ. ತಳದಲ್ಲಿರುವ ಶೋಧಕವನ್ನು ವಾರಕ್ಕೊಮ್ಮೆ ಬಿಚ್ಚಿ ಮೃದುವಾದ ಕುಂಚದಿಂದ ತೊಳೆಯಬೇಕು. ಅನ್ನದ ಅಗುಳು, ಸಾಸಿವೆ, ಕರಿಬೇವಿನ ನಾರು ಅಲ್ಲಿಯೇ ಸೇರಿ ಕೊಳೆಯುತ್ತವೆ. ನೀರು ಚಿಮ್ಮಿಸುವ ತೋಳುಗಳ ರಂಧ್ರಗಳನ್ನು ತಿಂಗಳಿಗೊಮ್ಮೆ ನೋಡಿ, ಕಟ್ಟಿಕೊಂಡಿದ್ದರೆ ಬಿಡಿಸಬೇಕು.

ಕೊಳವೆಬಾವಿಯ ಗಡಸುನೀರು ಈ ಯಂತ್ರದ ದೊಡ್ಡ ಶತ್ರು. ಅದರಲ್ಲಿರುವ ಸುಣ್ಣದ ಅಂಶ ಪಾತ್ರೆಗಳ ಮೇಲೆ ಬಿಳಿಯ ಪೊರೆಯಾಗಿ, ಕಾಯಿಸುವ ಭಾಗದ ಮೇಲೆ ಕಲ್ಲಾಗಿ ಕೂರುತ್ತದೆ. ಇದನ್ನು ತಡೆಯಲು ಅನೇಕ ಯಂತ್ರಗಳಲ್ಲಿ ನೀರನ್ನು ಮೆದುಗೊಳಿಸುವ ರಾಳದ ಭಾಗವಿರುತ್ತದೆ. ಅದು ಮತ್ತೆ ಮತ್ತೆ ಶಕ್ತಿ ಪಡೆಯಲು ಉಪ್ಪು ಬೇಕು. ಅದಕ್ಕೆಂದೇ ಮಾಡಿದ ಶುದ್ಧವಾದ ದಪ್ಪ ಹರಳಿನ ಉಪ್ಪನ್ನಷ್ಟೇ ಹಾಕಬೇಕು. ಅಡುಗೆಯ ಪುಡಿ ಉಪ್ಪಿನಲ್ಲಿ ಬೆರೆತಿರುವ ಇತರ ವಸ್ತುಗಳು ಆ ಭಾಗವನ್ನು ಕೆಡಿಸುತ್ತವೆ. ಉಪ್ಪು ಹಾಕುವಾಗ ಚೆಲ್ಲಿದರೆ ಉಕ್ಕು ತುಕ್ಕು ಹಿಡಿಯದಂತೆ ಕೂಡಲೇ ಒಂದು ತೊಳೆತ ನಡೆಸಬೇಕು. ತಾಮ್ರ, ಹಿತ್ತಾಳೆ, ಬೆಳ್ಳಿ, ಅಲ್ಯೂಮಿನಿಯಂ, ಮರ ಮತ್ತು ಎಣ್ಣೆ ಹಚ್ಚಿ ಪಳಗಿಸಿದ ಕಬ್ಬಿಣದ ಕಾವಲಿಗಳನ್ನು ಈ ಯಂತ್ರಕ್ಕಿಡಲಾಗದು. ಅಭಿಷೇಕದ ಕಲಶ, ಪೂಜೆಯ ತಟ್ಟೆಗಳು ಕೈಯಿಂದಲೇ ಹುಣಿಸೆಹಣ್ಣು ಹಚ್ಚಿ ಬೆಳಗುವ ಸೇವೆಗೆ ಉಳಿದಿರುವುದು ಲೇಸೇ.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಎಂಬುದೊಂದು. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ಜೀವಕ್ಕೆ ನೋವಾಗದಂತೆ ನಡೆದುಕೊಳ್ಳುವುದು ಅದರ ತಾತ್ಪರ್ಯ. ಗೃಹಸ್ಥನು ಈ ಯಂತ್ರದ ಮುಂದೆ ನಿಂತಾಗ ಅದನ್ನು ನೆನೆಯುವುದು ಉಚಿತ. ಚೂರಿಗಳನ್ನು ತುದಿ ಕೆಳಗಾಗಿ ಇಡಬೇಕು, ಇಲ್ಲವೆ ಮೇಲಿನ ತಟ್ಟೆಯಲ್ಲಿ ಮಲಗಿಸಬೇಕು. ತೆರೆದ ಬಾಗಿಲು ಮಗುವಿನ ಎತ್ತರಕ್ಕೆ ಮೆಟ್ಟಿಲಿನಂತೆ ಕಾಣುತ್ತದೆ. ಮಗು ಅದರ ಮೇಲೆ ನಿಂತರೆ, ಗೋಡೆಗೋ ಕಟ್ಟೆಗೋ ಬಿಗಿಯದ ಯಂತ್ರ ಮುಂದಕ್ಕೆ ವಾಲಬಹುದು. ನಡುವೆ ಬಾಗಿಲು ತೆರೆದರೆ ಸುಡುವ ಹಬೆ ಮುಖಕ್ಕೆ ಬಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ತೊಳೆಯುವ ಪುಡಿ ಮತ್ತು ಬಿಲ್ಲೆ. ಇವು ಕೈಸಾಬೂನಿನಂತಲ್ಲ, ತೀಕ್ಷ್ಣ ಕ್ಷಾರಗಳು. ಬಣ್ಣದ ಬಿಲ್ಲೆಗಳು ಮಗುವಿಗೆ ಮಿಠಾಯಿಯಂತೆ ಕಾಣುತ್ತವೆ. ಬಾಯಿಗೆ ಹೋದರೆ ಅನ್ನನಾಳವನ್ನು ಸುಡಬಲ್ಲವು. ಅವುಗಳನ್ನು ಬೀಗವಿರುವ ಎತ್ತರದ ಕಪಾಟಿನಲ್ಲಿಟ್ಟು, ಯಂತ್ರ ನಡೆಸುವ ಕ್ಷಣದಲ್ಲಿ ಮಾತ್ರ ಒಣಗಿದ ಕೈಯಿಂದ ಹಾಕಬೇಕು. ಅಕಸ್ಮಾತ್ತಾಗಿ ಮಗು ನುಂಗಿದರೆ ವಾಂತಿ ಮಾಡಿಸಬಾರದು. ಬಾಯಿ ತೊಳೆಸಿ, ಪೊಟ್ಟಣದ ಸಮೇತ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗಬೇಕು. ವಿದ್ಯುತ್ ಸಂಪರ್ಕಕ್ಕೆ ನೆಲಸಂಪರ್ಕವುಳ್ಳ 16 ಆಂಪಿಯರ್ ಮೂರು ರಂಧ್ರದ ಪ್ರತ್ಯೇಕ ಸಾಕೆಟ್ಟೇ ಆಗಬೇಕು. ಉದ್ದನೆಯ ಜೋಡಣೆ ತಂತಿ ಸಲ್ಲದು. ಸೋರಿಕೆ ವಿದ್ಯುತ್ತನ್ನು ಕಡಿಯುವ ಸಾಧನ ಮನೆಯಲ್ಲಿದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಶೋಧಕ ಬಿಚ್ಚುವ ಮೊದಲು ಸ್ವಿಚ್ಚು ಆರಿಸಬೇಕು. ಊರಿಗೆ ಹೋಗುವಾಗ ನೀರಿನ ನಲ್ಲಿಯನ್ನು ಮುಚ್ಚಬೇಕು.

ಇನ್ನು ಮೂರನೆಯ ಪ್ರಶ್ನೆ. ಕೆಲಸದ ಹೆಂಗಸು ಮರಳಿ ಬಂದಾಗ ಅತ್ತೆಯವರ ಮಾತಿನಂತೆ ಅವಳ ಸಂಬಳವನ್ನು ಕಡಿಮೆ ಮಾಡಲಿಲ್ಲ. ದೊಡ್ಡ ಪಾತ್ರೆಗಳೂ ಅಡುಗೆಯ ಸಹಾಯವೂ ಅವಳ ಪಾಲಿಗೆ ಬಂದವು, ಯಂತ್ರದ ಹೊಣೆಯೂ ಸೇರಿತು. ಆದರೆ ಯಂತ್ರವನ್ನು ಕುರಿತು ಅವಳಿಗೆ ಯಾರೂ ಕೂತು ಹೇಳಿಕೊಡಲಿಲ್ಲ. ಪುಡಿ ಮುಗಿದಿದ್ದ ಒಂದು ದಿನ ಅವಳು ಕೈಯಿಂದ ಪಾತ್ರೆ ತೊಳೆಯುವ ದ್ರವವನ್ನೇ ಸುರಿದಳು. ಅದು ಬಹಳ ನೊರೆ ಕಟ್ಟುವ ವಸ್ತು. ನೊರೆ ಬಾಗಿಲಿನ ಸಂದಿಯಿಂದ ಉಕ್ಕಿ ನೆಲಕ್ಕೆ ಹರಿಯಿತು. ಒರಸಲು ಓಡಿದವಳು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಸೊಸೆ ಅವಳ ಅಜ್ಞಾನವನ್ನು ಆಡಿದಾಗ ಅತ್ತೆಯವರು ಹೇಳಿದ್ದು ಇಷ್ಟೇ: “ಅವಳಿಗೆ ಓದು ಬಾರದು. ಪುಸ್ತಕ ನಮ್ಮ ಕಪಾಟಿನಲ್ಲಿತ್ತು. ಪ್ರಮಾದ ಯಾರದು?” ಆಸ್ಪತ್ರೆಯ ವೆಚ್ಚವನ್ನೂ ಆರು ವಾರದ ಸಂಬಳವನ್ನೂ ಮನೆಯವರೇ ಕೊಟ್ಟರು. ಅವಳು ಮರಳಿದ ದಿನ ಸೊಸೆ ಒಂದು ಮಧ್ಯಾಹ್ನ ರಜೆ ಹಾಕಿ ಪುಡಿ, ಉಪ್ಪು, ಶೋಧಕ, ಸ್ವಿಚ್ಚು ಎಲ್ಲವನ್ನೂ ತೋರಿಸಿಕೊಟ್ಟಳು. ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ಕಾಗದ ಅಂಟಿಸಿದರು.

ಬಸದಿಯ ಭೋಜನಶಾಲೆಗಳಿಗೆ ದೊಡ್ಡ ಯಂತ್ರಗಳನ್ನು ತರುವ ಧರ್ಮದರ್ಶಿಗಳು ಈ ಪ್ರಸಂಗವನ್ನು ಗಮನಿಸಬೇಕು. ಅಲ್ಲಿ ಬಳಸುವ ರಾಸಾಯನಿಕಗಳು ಮನೆಯವುಗಳಿಗಿಂತ ತೀಕ್ಷ್ಣ. ಕ್ಲೋರಿನ್ ಇರುವ ದ್ರವವೂ ಸುಣ್ಣ ಕರಗಿಸುವ ಆಮ್ಲವೂ ಬೆರೆತರೆ ವಿಷಾನಿಲ ಹೊರಡುತ್ತದೆ. ಪರ್ವದ ದಿನ ಉತ್ಸಾಹದಿಂದ ಸೇವೆಗೆ ಬರುವ ಯುವಕರ ಕೈಗೆ ಇವನ್ನು ಕೊಡುವ ಮೊದಲು ತಿಳಿದವರೊಬ್ಬರನ್ನು ನೇಮಿಸಿ ಅವರಿಂದಲೇ ನಡೆಸಬೇಕು. ಹೊರಹೋಗುವ ನೀರಿನ ಚಿಂತೆಯೂ ಟ್ರಸ್ಟಿನದೇ. ಮನೆಮನೆಯ ಮಾರ್ಜಕಗಳು ಕೊಳಚೆಯೊಡನೆ ಸೇರಿ ಬೆಳ್ಳಂದೂರು ಕೆರೆಯಲ್ಲಿ ನೊರೆಯಾಗಿ ರಾಶಿಬಿದ್ದು, 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿದ್ದನ್ನು ನಾಡು ಕಂಡಿದೆ. ವಿಸರ್ಜನೆಯಲ್ಲಿ ಎಚ್ಚರ ಬೇಕೆನ್ನುವ ಉತ್ಸರ್ಗ ಸಮಿತಿ ಇಂದಿನ ಚರಂಡಿಗೂ ಅನ್ವಯಿಸುತ್ತದೆ. ಫಾಸ್ಫೇಟ್ ಇಲ್ಲದ ಪುಡಿಯನ್ನು ಆರಿಸಿ, ಪೊಟ್ಟಣ ಹೇಳಿದ ಅಳತೆಯನ್ನು ಮೀರದೆ ಹಾಕುವುದು ಅದರ ಮೊದಲ ಹೆಜ್ಜೆ.

ಯಂತ್ರವನ್ನು ಕೊಳ್ಳುವುದೋ ಬಿಡುವುದೋ ಆಯಾ ಕುಟುಂಬದ ಅನುಕೂಲಕ್ಕೆ ಬಿಟ್ಟದ್ದು. ಕೊಂಡವರು ಒಂದನ್ನು ತಿಳಿದಿದ್ದರೆ ಸಾಕು. ಅದು ಕೈಯ ಶ್ರಮವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಎಚ್ಚರವನ್ನು ಮನೆಯವರೇ ಇಟ್ಟುಕೊಳ್ಳಬೇಕು, ಯಂತ್ರವನ್ನು ಮುಟ್ಟುವ ಪ್ರತಿಯೊಬ್ಬರಿಗೂ ಅದನ್ನು ಕಲಿಸಬೇಕು.