ಮೂರು ಗಂಟೆಯ ದೋಹಾ: ಗೈಡ್ ತೋರಿಸಿದ್ದು, ತೋರಿಸದೇ ಬಿಟ್ಟದ್ದು



ದೋಹಾದಲ್ಲಿ ಟೂರಿಸ್ಟ್ ಬಸ್ಸಿನ ಮುಂದೆ ನಿಂತಿದ್ದ ನನ್ನ ಫೋಟೋಗೆ ಬಂದ ಕಾಮೆಂಟುಗಳಲ್ಲಿ ಒಂದೆರಡು ಹೀಗಿದ್ವು: "ಅಕ್ಕಾ, ಜಿನೀವಾಕ್ಕೆ ಸಭೆಗೆ ಹೋಗಿದ್ರೋ, ಟೂರಿಗೆ ಹೋಗಿದ್ರೋ?" ತಮಾಷೆಗೇ ಕೇಳಿರಬಹುದು. ಆದರೂ ಉತ್ತರ ಕೊಡಬೇಕು ಅನ್ನಿಸ್ತು. ಯಾಕಂದ್ರೆ ನಮ್ಮೋರು ಊರು ನೋಡೋಕೆ ಹೋಗೋದು ಬರೀ ಮೋಜಿನ ವಿಷಯ ಅಲ್ಲ.

1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಜನ ಕಾರ್ಯಕರ್ತರ ಜೊತೆ ಎಲ್ಲೋರಾದ ಬೌದ್ಧ ಗುಹೆಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಪ್ರಯಾಣದ ಧೂಳು ಮೈತುಂಬಾ. ಕೋಟೆ ಬಾಗಿಲ ಹತ್ತಿರದ ಹೊಂಡದಲ್ಲಿ ಮುಖ, ಕಾಲು ತೊಳೆದುಕೊಂಡರು. ಅಷ್ಟಕ್ಕೇ ನೀರು ಮೈಲಿಗೆ ಆಯ್ತು ಅಂತ ದೊಡ್ಡ ಗಲಾಟೆ. ಕೊನೆಗೆ ಒಳಗೆ ಬಿಟ್ಟರು ನಿಜ, ಆದರೆ ಎಲ್ಲೂ ನೀರು ಮುಟ್ಟದ ಹಾಗೆ ಕಾಯೋದಕ್ಕೆ ಆಯುಧ ಹಿಡಿದ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರೇ ಇದನ್ನು ಬರೆದಿದ್ದಾರೆ. ಒಂಥರಾ ಅದೂ ಗೈಡೆಡ್ ಟೂರೇ ಅಲ್ವಾ!

ಹಾಗಾಗಿ ಯಾರೂ ಜಾತಿ ಕೇಳದೆ, ಕಿಟಕಿ ಪಕ್ಕದ ಸೀಟು ಕೊಟ್ಟು, ಕೈಗೊಂದು ನೀರಿನ ಬಾಟಲ್ ಇಟ್ಟು "ವೆಲ್‌ಕಮ್ ಮೇಡಂ" ಅಂದಾಗ ನಂಗೆ ಖುಷಿ ಆಗಿದ್ದನ್ನ ನಾನು ಮುಚ್ಚಿಡಲ್ಲ. ನಮ್ಮ ಹುಡುಗ ಹುಡುಗಿಯರು ಹೊರಗೆ ಹೋಗಬೇಕು, ಊರು ದೇಶ ನೋಡಬೇಕು. ಏರ್‌ಪೋರ್ಟ್ ಕುರ್ಚಿ ಮೇಲೆ ಬ್ಯಾಗ್ ತಬ್ಬಿಕೊಂಡು ಒಂಬತ್ತು ಗಂಟೆ ತೂಕಡಿಸಬೇಕು ಅಂತ ಯಾವ ಸಿದ್ಧಾಂತದಲ್ಲೂ ಬರೆದಿಲ್ಲ.

ಗೊತ್ತಿಲ್ಲದೋರಿಗೆ ಹೇಳ್ತೀನಿ. ವಿಮಾನ ಬದಲಾಯಿಸೋಕೆ ಮಧ್ಯದಲ್ಲಿ ಕಾಯೋದಕ್ಕೆ ಲೇಓವರ್ ಅಂತಾರೆ. ಅದು ಐದಾರು ಗಂಟೆಗಿಂತ ಜಾಸ್ತಿ ಇದ್ರೆ ಕೆಲವು ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಸಣ್ಣ ಟೂರ್ ಇಟ್ಟಿರ್ತಾರೆ. ಸಿಂಗಾಪುರದ ಚಾಂಗಿಯಲ್ಲಿ ಪುಕ್ಕಟೆ, ಸುಮಾರು ಎರಡೂವರೆ ಗಂಟೆ. ದೋಹಾದಲ್ಲಿ ದುಡ್ಡು ಕೊಡಬೇಕು, ಸುಮಾರು ಮೂರು ಗಂಟೆ. ಆದ್ರೆ ಬಸ್ ಹತ್ತೋಕೆ ಮುಂಚೆ ಇಮಿಗ್ರೇಷನ್ ದಾಟಬೇಕು. ಅಲ್ಲಿ ನೋಡೋದು ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ಕೆಲವರು ಹಾಗೇ ಹೋಗ್ತಾರೆ, ಕೆಲವರಿಗೆ ನೂರೆಂಟು ಪ್ರಶ್ನೆ. ಹುಟ್ಟಿದ ಜಾಗ ನೋಡಿ ಬಾಗಿಲು ತೆಗೆಯೋ ಪದ್ಧತಿ ನಮಗೇನು ಹೊಸದಾ? ವೀಸಾ ನಿಯಮ ಆಗಾಗ ಬದಲಾಗ್ತಿರುತ್ತೆ, ಹೊರಡೋ ಮುಂಚೆ ನೋಡ್ಕೊಂಡಿರಿ.

ಸರಿ, ಬಸ್ ಹೊರಟಿತು. ಹದಿನಾರು ಜನ, ಆರೇಳು ದೇಶದೋರು. ಮೊದಲು ಸಮುದ್ರದ ಅಂಚಿನ ಕಾರ್ನಿಷ್ ರಸ್ತೆ. ಒಂದು ಕಡೆ ಹಳೇ ಮರದ ದೋಣಿಗಳು, ಆಚೆ ದಡದಲ್ಲಿ ಗಾಜಿನ ಗಗನಚುಂಬಿಗಳು. 2008ರಲ್ಲಿ ತೆರೆದ ಇಸ್ಲಾಮಿಕ್ ಕಲೆಯ ಮ್ಯೂಸಿಯಂ ದೂರದಿಂದಲೇ ಕಾಣುತ್ತೆ, ಐ.ಎಂ. ಪೇ ಅನ್ನೋ ಪ್ರಸಿದ್ಧ ವಾಸ್ತುಶಿಲ್ಪಿಯ ಕೆಲಸ. ಹತ್ತಿರದಲ್ಲೇ ಬಾಯ್ದೆರೆದ ದೊಡ್ಡ ಚಿಪ್ಪು, ಅದರೊಳಗೊಂದು ಮುತ್ತು. ಎಲ್ಲರೂ ಅಲ್ಲಿ ಫೋಟೋ ತೆಗೆಸ್ಕೊಂಡ್ರು, ನಾನೂ ತೆಗೆಸ್ಕೊಂಡೆ. ಆಮೇಲೆ 'ದಿ ಪರ್ಲ್', ಅಂದ್ರೆ ಮುತ್ತು. ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ ದ್ವೀಪ. ಐಷಾರಾಮಿ ಮನೆ, ಅಂಗಡಿ, ಸಾಲಾಗಿ ನಿಂತ ಬಿಳೀ ಬೋಟುಗಳು.

ಗೈಡ್ ಚೆನ್ನಾಗಿ ಮಾತಾಡೋ ಹುಡುಗಿ. ಅವಳೂ ಬೇರೆ ದೇಶದಿಂದ ದುಡಿಯೋಕೆ ಬಂದವಳೇ. ಎಣ್ಣೆ ಸಿಗೋ ಮುಂಚೆ ಈ ದೇಶ ಬದುಕಿದ್ದು ಮುತ್ತಿನಿಂದ ಅಂದಳು. ಜಪಾನಿನೋರು ಮುತ್ತು ಸಾಕೋದನ್ನ ಕಂಡುಹಿಡಿದ ಮೇಲೆ ವ್ಯಾಪಾರ ಬಿದ್ದುಹೋಯ್ತು, ಆಮೇಲೆ ಎಣ್ಣೆ ಬಂತು, 1949ರಲ್ಲಿ ಮೊದಲ ಸಲ ಹಡಗಿಗೆ ತುಂಬಿ ಕಳಿಸಿದರು ಅಂತ ಕತೆ ಮುಗಿಸಿದಳು. ಮುತ್ತಿನ ಬಣ್ಣ ಹೇಳಿದಳು, ಬೆಲೆ ಹೇಳಿದಳು. ಮುತ್ತು ತಂದವರ ಬಗ್ಗೆ "ಬ್ರೇವ್ ಡೈವರ್ಸ್" ಅನ್ನೋ ಎರಡೇ ಪದ.

ಆ ಧೈರ್ಯವಂತರ ಕತೆಯನ್ನ ನಾನು ಮೊದಲೇ ಒಂಚೂರು ಓದಿದ್ದೆ. ಬೇಸಿಗೆಯ ನಾಲ್ಕು ತಿಂಗಳು ದೋಣಿ ಮೇಲೇ ವಾಸ. ಮೂಗಿಗೊಂದು ಚಿಮಟ, ಕಾಲಿಗೊಂದು ಕಲ್ಲು, ಸೊಂಟಕ್ಕೊಂದು ಹಗ್ಗ. ಉಸಿರು ಕಟ್ಟಿ ಕೆಳಗೆ ಹೋಗಬೇಕು, ಚಿಪ್ಪು ಬಾಚಿಕೊಂಡು ಹಗ್ಗ ಜಗ್ಗಬೇಕು, ಮೇಲಿದ್ದವನು ಎಳೀಬೇಕು. ದಿನಕ್ಕೆ ಹತ್ತಾರು ಸಲ. ಕಿವಿ ಹೋಗೋದು, ಕಣ್ಣು ಹೋಗೋದು. ಸೀಸನ್ ಶುರುವಾಗೋ ಮುಂಚೆ ಮನೆಮಂದಿ ಊಟಕ್ಕೆ ಅಂತ ದೋಣಿಯ ಯಜಮಾನ ಮುಂಗಡ ಕೊಡೋನು. ಲೆಕ್ಕದ ಪುಸ್ತಕ ಇರೋದು ಅವನ ಹತ್ರ. ಸೀಸನ್ ಮುಗಿದಾಗ ಸಾಲ ತೀರೋ ಬದಲು ಬೆಳೆದಿರೋದು. ಮುಳುಗುವವನು ಸತ್ತರೆ ಆ ಸಾಲ ಮಗನ ತಲೆ ಮೇಲೆ. ಮಗ ಅದೇ ದೋಣಿ ಹತ್ತಬೇಕು.

ಇದಕ್ಕೆ ನಮ್ಮ ಭಾಷೆಯಲ್ಲಿ ಏನಂತಾರೆ ಹೇಳಿ? ಜೀತ!

ನಮ್ಮ ತಾತ ಇನ್ನೂರು ರೂಪಾಯಿ ಸಾಲಕ್ಕೆ ಜೀತಕ್ಕೆ ಬಿದ್ದೋರು. ಮಗಳ ಮದುವೆ ಸಾಲ. ತಾತ ಸತ್ತ ವಾರಕ್ಕೇ ಯಜಮಾನ ಮನೆ ಮುಂದೆ ಬಂದು, "ನಿಮ್ಮಪ್ಪನ ಲೆಕ್ಕ ಇನ್ನೂ ಇದೆ ಕಣೋ" ಅಂದನಂತೆ. ನಮ್ಮಪ್ಪನಿಗೆ ಆಗ ಹದಿಮೂರು ವರ್ಷ. ಮಾರನೇ ದಿನದಿಂದ ಅದೇ ಕೊಟ್ಟಿಗೆ, ಅದೇ ಸಗಣಿ ಮಂಕರಿ. 1976ರಲ್ಲಿ ಜೀತ ರದ್ದತಿ ಕಾನೂನು ಬಂತು, ಜೀತದ ಸಾಲ ತೀರಿಸಬೇಕಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆ ಸುದ್ದಿ ನಮ್ಮ ಕೇರಿಗೆ ಬರೋಕೆ ಇನ್ನೂ ಮೂರು ವರ್ಷ ಹಿಡೀತು. ಪೇಟೆ ಶಾಲೆಗೆ ಹೋಗ್ತಿದ್ದ ನಮ್ಮ ಚಿಕ್ಕಪ್ಪ ಪೇಪರ್ ತಂದು ಓದಿ ಹೇಳದೇ ಇದ್ದಿದ್ರೆ ನಾನು ಇವತ್ತು ಜಿನೀವಾದಲ್ಲೂ ಇರ್ತಿರಲಿಲ್ಲ, ದೋಹಾದಲ್ಲೂ ಇರ್ತಿರಲಿಲ್ಲ. ಆ ಕೊಟ್ಟಿಗೆಯಲ್ಲಿ ಇರ್ತಿದ್ದೆ.

ಆ ದ್ವೀಪದಲ್ಲಿ ಕಾಫಿ ಬ್ರೇಕ್ ಕೊಟ್ಟಾಗ ನಾನು ಡ್ರೈವರ್ ಅಣ್ಣನ ಹತ್ರ ಹೋದೆ. ನಾನು ಫೋನಲ್ಲಿ ಕನ್ನಡ ಮಾತಾಡಿದ್ದನ್ನ ಕೇಳಿಸ್ಕೊಂಡಿದ್ದರು.

"ನೀವು ಕರ್ನಾಟಕದವರಾ? ನಾನು ಪುತ್ತೂರು ಕಡೆ."

"ಎಷ್ಟು ವರ್ಷ ಆಯ್ತಣ್ಣ ಇಲ್ಲಿ?"

"ಹನ್ನೊಂದು ಆಯ್ತು. ಬರುವಾಗ ಮಗಳು ಹೊಟ್ಟೆಯಲ್ಲಿದ್ದಳು, ಈಗ ಐದನೇ ಕ್ಲಾಸು."

"ನಿಮ್ಮ ರೂಮು ಎಲ್ಲಿ? ದಾರೀಲಿ ಬರುತ್ತಾ?"

ಅವರು ನಕ್ಕರು. "ಇಂಡಸ್ಟ್ರಿಯಲ್ ಏರಿಯಾ ಆ ಕಡೆ. ಅಲ್ಲಿಗೆ ಟೂರ್ ಹೋಗುದಿಲ್ಲ ಅಕ್ಕ."

ಬಸ್ಸು ಹೋಗೋ ದಾರಿ ಯಾವುದು ಅಂತ ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಆ ಗೋಪುರ ಕಟ್ಟಿದವರು, ಆ ರಸ್ತೆ ಹಾಕಿದವರು, 2022ರ ವಿಶ್ವಕಪ್ ಸ್ಟೇಡಿಯಂಗಳಿಗೆ ಕಬ್ಬಿಣ ಹೊತ್ತವರು ಬಹುಪಾಲು ನೇಪಾಳ, ಬಾಂಗ್ಲಾ, ಭಾರತ, ಪಾಕಿಸ್ತಾನ, ಶ್ರೀಲಂಕಾ, ಆಫ್ರಿಕಾದಿಂದ ಬಂದೋರು. ಕಫಾಲಾ ಅನ್ನೋ ಪದ್ಧತಿಯಲ್ಲಿ ಮಾಲೀಕ ಒಪ್ಪದೆ ಕೆಲಸ ಬಿಡೋ ಹಾಗಿರಲಿಲ್ಲ, ದೇಶ ಬಿಡೋ ಹಾಗೂ ಇರಲಿಲ್ಲ. ಜಗತ್ತಿನ ಕಣ್ಣು ಬಿದ್ದ ಮೇಲೆ 2018 ಮತ್ತು 2020ರಲ್ಲಿ ಆ ಕಟ್ಟುಗಳನ್ನ ಕಾನೂನಿನಲ್ಲಿ ಬಹುಪಾಲು ಸಡಿಲಿಸಿದರು. 2021ರ ಮಾರ್ಚ್‌ನಿಂದ ತಿಂಗಳಿಗೆ 1000 ರಿಯಾಲ್ ಕನಿಷ್ಠ ಕೂಲಿ, ಊಟ ವಸತಿ ಕೊಡದಿದ್ರೆ ಅದಕ್ಕೆ ಬೇರೆ ಭತ್ಯೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಲ್ಲಿ ದುಡಿಸಬಾರದು ಅಂತಲೂ ಬಂತು. ಆದರೆ ಕಾನೂನಿಗೂ ಕೇರಿಗೂ ನಡುವೆ ಎಷ್ಟು ದೂರ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊನೇ ನಿಲ್ದಾಣ ಸೂಕ್ ವಾಖಿಫ್, ಹಳೇ ಶೈಲಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿರೋ ಸಂತೆ. ಮಸಾಲೆ, ಅತ್ತರು, ಪಂಜರದ ಹಕ್ಕಿ. ನಲವತ್ತೈದು ನಿಮಿಷ ಟೈಮ್ ಕೊಟ್ಟರು, ಶಾಪಿಂಗಿಗೆ. ನಾನು ಗೈಡ್‌ಗೆ ಹೇಳಿ ಸಂತೆ ದಾಟಿ ಮುಷೈರಿಬ್ ಕಡೆ ಬಿರಬಿರನೆ ನಡೆದೆ. ಅಲ್ಲಿ ನಾಲ್ಕು ಹಳೇ ಮನೆಗಳನ್ನ ಮ್ಯೂಸಿಯಂ ಮಾಡಿದ್ದಾರೆ. ಅದರಲ್ಲಿ ಒಂದು ಬಿನ್ ಜಲ್ಮೂದ್ ಮನೆ, ಒಂದು ಕಾಲಕ್ಕೆ ಗುಲಾಮರ ವ್ಯಾಪಾರಿಯ ಮನೆ. 2015ರಲ್ಲಿ ಅದೇ ಮನೆಯನ್ನ ಗುಲಾಮಗಿರಿಯ ಮ್ಯೂಸಿಯಂ ಮಾಡಿದರು.

ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಪೂರ್ವ ಆಫ್ರಿಕಾದಿಂದ ಹಿಂದೂ ಮಹಾಸಾಗರ ದಾಟಿಸಿ ಜನರನ್ನ ತಂದ ದಾರಿಗಳು, ಅವರನ್ನ ಮನೆಗೆಲಸಕ್ಕೆ ಹಚ್ಚಿದ್ದು, ಮುತ್ತಿಗಾಗಿ ಸಮುದ್ರಕ್ಕೆ ಇಳಿಸಿದ್ದು. ಗೈಡ್ ಹೇಳಿದ "ಬ್ರೇವ್ ಡೈವರ್ಸ್"ನಲ್ಲಿ ಸಾಲಗಾರರೂ ಇದ್ದರು, ಗುಲಾಮರೂ ಇದ್ದರು. ಕತಾರಿನಲ್ಲಿ ಗುಲಾಮಗಿರಿ ರದ್ದಾದದ್ದು 1952ರಲ್ಲಿ, ನಮ್ಮ ಸಂವಿಧಾನ ಜಾರಿಗೆ ಬಂದು ಎರಡು ವರ್ಷ ಆದ ಮೇಲೆ. ಆಗ ಪರಿಹಾರ ಕೊಟ್ಟಿದ್ದು ಮಾಲೀಕರಿಗೆ! ಆ ಕಾಲಕ್ಕೆ ಅಲ್ಲಿ ನಡೀತಿದ್ದ ಹಣ ನಮ್ಮ ಭಾರತದ ರೂಪಾಯಿ. ಮನುಷ್ಯರ ಬಿಡುಗಡೆಯ ಲೆಕ್ಕವನ್ನ ನಮ್ಮ ರೂಪಾಯಿಯಲ್ಲೇ ಎಣಿಸಿದ್ದಾರೆ ಅಂತ ಯೋಚಿಸಿದ್ರೆ ಒಂಥರಾ ಆಗುತ್ತೆ. ಇವತ್ತಿನ ಮಾನವ ಸಾಗಣೆ, ಇವತ್ತಿನ ಬಲವಂತದ ದುಡಿಮೆ ಬಗ್ಗೆಯೂ ಆ ಮನೆಯಲ್ಲೇ ಹೇಳಿದ್ದಾರೆ.

ಇದನ್ನ ಬರೆದ ತಕ್ಷಣ "ಅರಬ್ಬರನ್ನ ಹೊಗಳ್ತೀಯಾ" ಅಂತ ಒಬ್ಬರು, "ಅವರೇ ಗುಲಾಮರನ್ನ ಇಟ್ಕೊಂಡಿದ್ರು ನೋಡು" ಅಂತ ಇನ್ನೊಬ್ಬರು ಬರ್ತಾರೆ. ಇಬ್ಬರಿಗೂ ಒಂದೇ ಮಾತು. ಮ್ಯೂಸಿಯಂ ಕಟ್ಟಿದ ಮಾತ್ರಕ್ಕೆ ಪಾಪ ತೊಳೆದುಹೋಗಲ್ಲ. ಇಂಡಸ್ಟ್ರಿಯಲ್ ಏರಿಯಾದ ರೂಮಿನಲ್ಲಿ ಮಲಗೋನ ಸಂಬಳ ಅದರಿಂದ ಜಾಸ್ತಿ ಆಗಲ್ಲ. ಆದರೆ ಯಜಮಾನನ ಮನೆಯನ್ನೇ ಸಾಕ್ಷಿಗೆ ನಿಲ್ಲಿಸೋದು ಸಣ್ಣ ಕೆಲಸ ಅಲ್ಲ. ನಮ್ಮಲ್ಲಿ ಹಾಗೆ ಮಾಡೋಕೆ ಮನೆಗಳಿಗೆ ಕೊರತೆ ಇದೆಯಾ? ಊರಿಗೊಂದು ತೊಟ್ಟಿಮನೆ ಇದೆ. ಅವನ್ನ ಹೋಂಸ್ಟೇ ಮಾಡ್ತಾರೆ, ಸೀರಿಯಲ್ ಶೂಟಿಂಗಿಗೆ ಕೊಡ್ತಾರೆ, ಮದುವೆ ಫೋಟೋ ತೆಗೆಸ್ತಾರೆ. "ಈ ಕಂಬ ಬರ್ಮಾ ತೇಗ" ಅಂತ ತೋರಿಸ್ತಾರೆ. ಆ ಕಂಬ ಹೊತ್ತು ತಂದೋರು ಯಾರು, ಹಿತ್ತಿಲ ಬಾಗಿಲಲ್ಲಿ ನಿಂತು ತೆಂಗಿನ ಚಿಪ್ಪಲ್ಲಿ ನೀರು ಕುಡಿದೋರು ಯಾರು ಅಂತ ಯಾವ ಗೈಡ್ ಹೇಳ್ತಾನೆ?

ಹಾಗಂತ ಗೈಡ್‌ಗಳನ್ನ ಬೈದು ಪ್ರಯೋಜನ ಇಲ್ಲ. ಆ ಹುಡುಗಿ ಕೈಲಿ ಬರೆದುಕೊಟ್ಟ ಸ್ಕ್ರಿಪ್ಟ್ ಇತ್ತು, ತಿಂಗಳ ಕೊನೆಗೆ ಸಂಬಳ ಬೇಕು. ನಮ್ಮ ಸ್ಕ್ರಿಪ್ಟ್ ನಾವೇ ಬರೀಬೇಕು. ನಾನು ಹೇಳೋಕೆ ಹೊರಟಿದ್ದು ಇದು: ನಮ್ಮ ನೆಲಕ್ಕೆ ನಾವೇ ಗೈಡ್ ಆಗೋಣ.

ಕೆಂಪೇಗೌಡ ವಿಮಾನ ನಿಲ್ದಾಣದಿಂದಲೇ ಶುರು ಮಾಡೋಣ. ನಮ್ಮ ಸಂಗಾತಿಗಳು ಬೇರೆ ರಾಜ್ಯದಿಂದ, ಬೇರೆ ದೇಶದಿಂದ ಬಂದು ಅಲ್ಲಿ ಆರೇಳು ಗಂಟೆ ಕಾಯ್ತಾ ಕೂತಿರ್ತಾರೆ. ದೇವನಹಳ್ಳಿ ಕೋಟೆ ಹತ್ತಿರದಲ್ಲೇ ಇದೆ, ಟಿಪ್ಪು ಹುಟ್ಟಿದ ಜಾಗ ತೋರಿಸಿ. ಅಲ್ಲಿಂದ ಚನ್ನರಾಯಪಟ್ಟಣ ಹೋಬಳಿಗೆ ಕರ್ಕೊಂಡು ಹೋಗಿ. 1777 ಎಕರೆ ಭೂಮಿಗಾಗಿ 13 ಹಳ್ಳಿಯ ಜನ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತು, 2025ರ ಜುಲೈ 15ರಂದು ಸರ್ಕಾರದ ಬಾಯಲ್ಲಿ "ಸ್ವಾಧೀನ ಕೈಬಿಟ್ಟಿದ್ದೇವೆ" ಅನ್ನಿಸಿದ ನೆಲ ಅದು. ದ್ರಾಕ್ಷಿ ತೋಟದ ಪಕ್ಕ ನಿಂತು ಅಲ್ಲಿಯ ಒಬ್ಬ ಅಜ್ಜಿ ಹತ್ತು ನಿಮಿಷ ಮಾತಾಡಿದ್ರೆ ಸಾಕು, ಗೈಡ್ ಬೇಕಾಗಲ್ಲ.

ಒಂದು ದಿನ ಇದ್ರೆ ಕೆಜಿಎಫ್‌ಗೆ ಹೋಗಿ. ಸಿನಿಮಾದ ಕೆಜಿಎಫ್ ಎಲ್ಲರಿಗೂ ಗೊತ್ತು. ನೆಲದಡಿ ಮೂರು ಕಿಲೋಮೀಟರ್‌ಗೂ ಕೆಳಗೆ ಇಳಿದು ಚಿನ್ನ ತೆಗೆದೋರಲ್ಲಿ ಹೆಚ್ಚಿನೋರು ತಮಿಳು ಸೀಮೆಯಿಂದ ಬಂದ ದಲಿತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮುತ್ತಿಗೆ ಮುಳುಗಿದೋರ ಕಿವಿ ಹೋಯ್ತು, ಚಿನ್ನಕ್ಕೆ ಇಳಿದೋರ ಶ್ವಾಸಕೋಶ ಹೋಯ್ತು. ಚಿನ್ನ ಎಲ್ಲೋ ಹೋಯ್ತು, ಸೈನೈಡ್ ಮಣ್ಣಿನ ಗುಡ್ಡ ಅಲ್ಲೇ ಉಳೀತು. ಗಾಳಿ ಎದ್ದ ದಿನ ಆ ಧೂಳು ಯಾರ ಮನೆ ಪಾತ್ರೆ ಮೇಲೆ ಕೂರುತ್ತೆ ಅಂತ ಲೈನ್ ಮನೆಗಳಿಗೇ ಹೋಗಿ ನೋಡಿ.

ಒಂದು ಕೆಲಸ ಮಾಡಿ. ನಿಮ್ಮ ಊರಿಗೆ ಯಾರೋ ಮೂರೇ ಮೂರು ಗಂಟೆಗೆ ಬಂದಿದ್ದಾರೆ ಅಂದ್ಕೊಳ್ಳಿ. ಅವರಿಗೆ ತೋರಿಸಬೇಕಾದ ಮೂರು ಜಾಗ ಕಾಮೆಂಟ್‌ನಲ್ಲಿ ಬರೀರಿ. ಬಾವಿ ಇರಬಹುದು, ಗೋಮಾಳ ಇರಬಹುದು, ಹಾಸ್ಟೆಲ್ ಇರಬಹುದು, ಯಾರದೋ ಸಮಾಧಿ ಇರಬಹುದು. ಜಾಗದ ಹೆಸರು, ಅಲ್ಲಿ ಏನಾಯ್ತು, ಆ ಕತೆ ಹೇಳಬಲ್ಲ ಹಿರಿಯರು ಇನ್ನೂ ಇದ್ದಾರಾ, ಇಷ್ಟಿದ್ರೆ ಸಾಕು. ಹಿರಿಯರ ಹೆಸರು, ನಂಬರ್ ಮಾತ್ರ ಇಲ್ಲಿ ಹಾಕಬೇಡಿ, ಇನ್‌ಬಾಕ್ಸ್ ಮಾಡಿ. ತಿಂಗಳ ಕೊನೆಗೆ ಎಲ್ಲವನ್ನೂ ಜಿಲ್ಲಾವಾರು ಜೋಡಿಸ್ತೀನಿ.

ಬೇಗ ಬರೀರಿ. ಕತೆ ಗೊತ್ತಿರೋರಿಗೆ ವಯಸ್ಸಾಗ್ತಿದೆ.

ಜೈಭೀಮ್.